ಕನ್ನಡದ ಜಾಗದಲ್ಲಿ ಕಸ ಕಂಡರೆ: ಕಸ ನೋಡಿಯೇ ದೋಷ ಹಿಡಿಯುವ ಕೈಪಿಡಿ

ಪುಟ ತೆರೆದಿರಿ. ಕನ್ನಡ ಇರಬೇಕಾದ ಕಡೆ ಖಾಲಿ ಡಬ್ಬಿಗಳು, ಇಲ್ಲವೇ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ಇಲ್ಲವೇ ಸಾಲುಗಟ್ಟಿದ ಪ್ರಶ್ನಾರ್ಥಕ ಚಿಹ್ನೆಗಳು. ನಮ್ಮಲ್ಲಿ ಇದಕ್ಕೆಲ್ಲ "ಫಾಂಟ್ ಪ್ರಾಬ್ಲಮ್ಮು" ಅಂತ ಒಂದೇ ಹೆಸರು. ಹೆಸರಿಟ್ಟವರು ಸಿಕ್ಕ ಸಿಕ್ಕ ಫಾಂಟು ಇಳಿಸಿ ಹಾಕುತ್ತಾರೆ, ಏನೂ ಆಗುವುದಿಲ್ಲ, ಕೊನೆಗೆ ಇಡೀ ಲೇಖನ ಮತ್ತೆ ಟೈಪ್ ಮಾಡಲು ಕೂರುತ್ತಾರೆ. ಅಷ್ಟು ಶ್ರಮ ಬಹಳ ಸಲ ಬೇಕಿಲ್ಲ. ಕಸದಲ್ಲೂ ಬಗೆಗಳಿವೆ. ಯಾವ ಕಸ ಎಂದು ಒಂದು ನಿಮಿಷ ಕಣ್ಣಿಟ್ಟು ನೋಡಿದರೆ ಕನ್ನಡ ಎಲ್ಲಿ ಮುರಿಯಿತು, ಅದು ವಾಪಸ್ ಬರುತ್ತದೋ ಇಲ್ಲವೋ, ಎರಡೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು: ಸೇವ್ ಒತ್ತಬೇಡಿ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಹಂಚುವ ಯುನಿಕೋಡ್ ಪಟ್ಟಿಯಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಕನ್ನಡದವು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅಲ್ಲಿದೆ. 'ಕ' ಎಂದರೆ 3221. ಈ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಡುವ ಪದ್ಧತಿಗಳಲ್ಲಿ (ಎನ್‌ಕೋಡಿಂಗ್) ಈಗ ವೆಬ್‌ನಲ್ಲಿ ನಡೆಯುವುದು ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ, ಯುನಿಕೋಡಿಗೆ 5 ಸಂಕೇತ (ಕ, ನ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ನ, ಡ), ಡಿಸ್ಕಿನ ಮೇಲೆ 15 ಬೈಟ್. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬರೆದಿಟ್ಟದ್ದು ಒಂದು ಪದ್ಧತಿಯಲ್ಲಿ, ಓದುವ ತಂತ್ರಾಂಶ ಅಂದುಕೊಂಡದ್ದು ಇನ್ನೊಂದು. ಆಗ ಕಸ ಕಾಣುತ್ತದೆ. ತಪ್ಪಾಗಿ ಓದಿದ ಮಾತ್ರಕ್ಕೆ ಫೈಲಿಗೆ ಏನೂ ಆಗುವುದಿಲ್ಲ. ತಪ್ಪಾಗಿ ಓದಿದ್ದನ್ನು ಹಾಗೇ ಸೇವ್ ಮಾಡಿದಾಗ ಕೆಡುತ್ತದೆ. ಆದ್ದರಿಂದ ಕಸ ಕಂಡ ಕೂಡಲೇ "ಉಳಿಸಬೇಕೆ?" ಎಂಬ ಪ್ರಶ್ನೆಗೆ ಬೇಡ ಅನ್ನಿ. ಫೈಲಿನ ಪ್ರತಿಯೊಂದನ್ನು ಬೇರೆ ಫೋಲ್ಡರಿನಲ್ಲಿಡಿ, ಡೇಟಾಬೇಸ್ ಇದ್ದರೆ ಬ್ಯಾಕಪ್ ತೆಗೆಯಿರಿ. ಕೆಳಗಿನ ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ.

ಅದೇ ಪುಟವನ್ನು ಇನ್ನೊಂದು ಬ್ರೌಸರಿನಲ್ಲಿ, ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಅಲ್ಲಿ ಸರಿಯಾಗಿ ಕಂಡರೆ ದೋಷ ನಿಮ್ಮ ಯಂತ್ರದ್ದು. ಎಲ್ಲ ಕಡೆಯೂ ಒಂದೇ ಕಸ ಕಂಡರೆ ದೋಷ ಪುಟದ್ದು, ಅಥವಾ ಅದರ ಹಿಂದಿನ ದತ್ತಾಂಶದ್ದು.

ಖಾಲಿ ಡಬ್ಬಿಗಳು ಕಾಣುತ್ತಿವೆ

ಕೆಡುಕಿನಲ್ಲಿ ಒಳ್ಳೆಯದು ಇದು. ಸಂಖ್ಯೆಗಳೆಲ್ಲ ಸರಿಯಾಗಿವೆ, ಅವನ್ನು ಚಿತ್ರವಾಗಿಸುವ ಫಾಂಟು ಆ ಯಂತ್ರದಲ್ಲಿಲ್ಲ. ಈ ಡಬ್ಬಿಗಳಿಗೆ ಕಂಪ್ಯೂಟರ್ ಮಂದಿ 'ತೋಫು' ಅಂತಾರೆ. ಗೂಗಲ್‌ನ ನೋಟೋ ಫಾಂಟುಗಳ ಹೆಸರು ಬಂದದ್ದೂ 'ತೋಫು ಇಲ್ಲ' ಅನ್ನುವುದರಿಂದಲೇ. ಡಬ್ಬಿಗಳ ಸಾಲನ್ನು ಕಾಪಿ ಮಾಡಿ ಕನ್ನಡ ಕಾಣುವ ಯಾವುದಾದರೂ ಜಾಗದಲ್ಲಿ ಅಂಟಿಸಿ. ಕನ್ನಡವಾಗಿ ಅರಳಿದರೆ ರೋಗ ಇಷ್ಟೇ.

ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ಇದೆಯೇ ನೋಡಿ. ಲಿನಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ. ಫಾಂಟನ್ನು ಅದರ ತಯಾರಕರಿಂದ ಅಥವಾ ನಿಮ್ಮ ವ್ಯವಸ್ಥೆಯ ಪ್ಯಾಕೇಜ್ ಪಟ್ಟಿಯಿಂದಲೇ ತನ್ನಿ. 'ಕನ್ನಡ ಫಾಂಟ್ ಉಚಿತ' ಎಂದು ಕೂಗುವ, ಇಳಿಸಿದರೆ ಫಾಂಟಿನ ಬದಲು ಓಡುವ ಪ್ರೋಗ್ರಾಮ್ ಕೈಗಿಡುವ ತಾಣಗಳ ಕಡೆ ಹೋಗಬೇಡಿ. ಪುಟ ನಿಮ್ಮದೇ ಆಗಿದ್ದರೆ ಫಾಂಟಿನ ಹೊರೆಯನ್ನು ಓದುಗರ ತಲೆಗೆ ಹಾಕದೆ ಪುಟದ ಜೊತೆಗೇ ಬರುವ ವೆಬ್‌ಫಾಂಟ್ ಜೋಡಿಸಿ.

ಅಕ್ಷರ ಕನ್ನಡದ್ದೇ, ಆದರೆ ಒತ್ತು ಬಿಡಿಬಿಡಿ. ಅಥವಾ ಚುಕ್ಕೆಗಳ ವೃತ್ತ

'ಕ್ಷ' ಬರಬೇಕಾದಲ್ಲಿ 'ಕ್' ಬೇರೆ 'ಷ' ಬೇರೆ, ಒತ್ತಕ್ಷರ ಕೆಳಗಿಳಿಯದೆ ಸಾಲಿನಲ್ಲೇ ನಿಂತಿದೆ. ಸಂಕೇತ ಸರಿ, ಫಾಂಟೂ ಇದೆ, ಆದರೆ ಅಕ್ಷರ ಜೋಡಿಸುವ ಎಂಜಿನ್ ಆ ತಂತ್ರಾಂಶದಲ್ಲಿ ಕೆಲಸ ಮಾಡುತ್ತಿಲ್ಲ. ಬ್ರೌಸರುಗಳಲ್ಲಿ ಈ ಕಾಟ ಈಗ ಇಲ್ಲವೆನ್ನುವಷ್ಟು ಕಡಿಮೆ. ಕಾಡುವುದು ಚಿತ್ರ-ವಿನ್ಯಾಸದ ತಂತ್ರಾಂಶಗಳಲ್ಲಿ ಮತ್ತು ಪ್ರೋಗ್ರಾಮಿನಿಂದಲೇ ಪಿಡಿಎಫ್ ಹುಟ್ಟಿಸುವ ಕಡೆಗಳಲ್ಲಿ, ಅಂದರೆ ರಸೀದಿ, ಪ್ರಮಾಣಪತ್ರಗಳಲ್ಲಿ. ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಚುಕ್ಕೆ ಚುಕ್ಕೆಯ ವೃತ್ತ (◌) ಕಂಡರೆ ಅರ್ಥ ಬೇರೆ. ಎಂಜಿನ್ ಇದೆ, ಅದು ದೂರು ಹೇಳುತ್ತಿದೆ: "ನನಗೊಂದು ಕೊಂಬೋ ಗುಡಿಸೋ ಸಿಕ್ಕಿತು, ಕೂರಿಸಲು ಹಿಂದೆ ವ್ಯಂಜನವಿಲ್ಲ." ಸ್ವರಚಿಹ್ನೆ ಎರಡು ಸಲ ಬಿದ್ದಿರಬಹುದು, ನಡುವೆ ಖಾಲಿ ಜಾಗ ನುಸುಳಿರಬಹುದು, ಪದ ಅರ್ಧಕ್ಕೆ ತುಂಡಾಗಿರಬಹುದು. ಆ ಒಂದು ಪದ ಅಳಿಸಿ ಮತ್ತೆ ಟೈಪ್ ಮಾಡಿದರೆ ಮುಗಿಯಿತು. ಇಡೀ ಪುಟದಲ್ಲಿ ಇಂಥ ವೃತ್ತಗಳಿದ್ದರೆ ಮಾತ್ರ ಪರಿವರ್ತಕ ತಂತ್ರಾಂಶದ ಮೇಲೆ ಗುಮಾನಿ ಪಡಿ.

ಗೀಟು ಹೊತ್ತ ದೊಡ್ಡ 'ಎ', ನಡುನಡುವೆ ಪೌಂಡ್ ಚಿಹ್ನೆ, ಸಾದಾ ಇಂಗ್ಲಿಷ್ ಅಕ್ಷರ

ಕನ್ನಡದವರಿಗೆ ತೀರಾ ಪರಿಚಿತ ಕಸ ಇದು. ತಲೆಯ ಮೇಲೆ ಓರೆ ಗೀಟು ಇರುವ ದೊಡ್ಡ ಎ ಹೆಜ್ಜೆಹೆಜ್ಜೆಗೂ ಬರುತ್ತದೆ. ಅದರ ಜೊತೆಗೆ ಬ್ರಿಟನ್ನಿನ ಪೌಂಡ್ ಚಿಹ್ನೆ, ದೊಡ್ಡ ಪಿ, ಚಿಕ್ಕ ಕ್ಯೂ, ಚಿಕ್ಕ ಜಿ. ಎನ್‌ಕೋಡಿಂಗ್ ಕೆಟ್ಟು ಹೀಗಾದದ್ದಲ್ಲ. 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಇದು, ತನ್ನ ಫಾಂಟನ್ನು ಕಳೆದುಕೊಂಡು ಬೆತ್ತಲೆ ನಿಂತಿದೆ.

ಬರಹದ ಮೊದಲ ಆವೃತ್ತಿ ಬಂದದ್ದು 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಸಾಮಾನ್ಯ ಕಂಪ್ಯೂಟರುಗಳಲ್ಲಿ ಕನ್ನಡ ಯುನಿಕೋಡ್ ಆಗಿನ್ನೂ ನೆಲೆಯಾಗಿರಲಿಲ್ಲ. ಆ ಫಾಂಟುಗಳು ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದವು. ಪೌಂಡ್ ಚಿಹ್ನೆಯ ಮನೆಯಲ್ಲಿ 'ನ'ಕಾರದ ಒಡಲು, ದೊಡ್ಡ ಪಿ ಮನೆಯಲ್ಲಿ 'ಕ'ಕಾರದ್ದು, ಗೀಟಿನ ದೊಡ್ಡ ಎ ಮನೆಯಲ್ಲಿ ತಲೆಕಟ್ಟು. ಕನ್ನಡ ವಾಕ್ಯದಲ್ಲಿ ತಲೆಕಟ್ಟು ಎಷ್ಟು ಸಲ ಬರುತ್ತದೆ ಎಂದು ಯೋಚಿಸಿದರೆ ಆ ಎ ಪದೇಪದೇ ಯಾಕೆ ಬರುತ್ತದೆ ಎಂಬುದೂ ತಿಳಿಯುತ್ತದೆ. ಆ ಕಾಲಕ್ಕೆ ಅದು ಜಾಣತನವೇ ಆಗಿತ್ತು, ಬಯ್ಯುವಂಥದ್ದೇನೂ ಇಲ್ಲ. ನಮ್ಮ ಎಷ್ಟೋ ಪುಸ್ತಕ, ಪತ್ರಿಕೆ, ಆದೇಶಗಳು ಹುಟ್ಟಿದ್ದು ಅದರಲ್ಲೇ.

ಮೊದಲು ವರ್ಡ್ ಫೈಲ್ ತೆರೆದು ಪಠ್ಯ ಆರಿಸಿ ಫಾಂಟಿನ ಹೆಸರು ಓದಿ. 'ನುಡಿ' ಅಥವಾ 'ಬಿಆರ್‌ಎಚ್' ಎಂದು ಶುರುವಾದರೆ ಗುರುತು ಸಿಕ್ಕಿತು. ಆ ಫಾಂಟು ಹಾಕಿದರೆ ನಿಮ್ಮೊಬ್ಬರ ಪರದೆಯಲ್ಲಿ ಕನ್ನಡ ಕಾಣುತ್ತದೆ, ಪ್ರಿಂಟ್ ತೆಗೆಯಲು ಅಷ್ಟು ಸಾಕು. ವೆಬ್‌ಗೆ ಮಾತ್ರ ಸಾಲದು. ಹುಡುಕು ತಾಣಗಳಿಗೆ, ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಇವತ್ತಿಗೂ ಬರೀ ಪಿ, ಕ್ಯೂ, ಪೌಂಡುಗಳೇ. ಯುನಿಕೋಡಿಗೆ ಪರಿವರ್ತಿಸಲೇಬೇಕು.

ಪರಿವರ್ತಕಗಳು ಬೇಕಾದಷ್ಟಿವೆ, ಆದರೆ ಎಡವುವುದು ಒಂದೇ ಜಾಗದಲ್ಲಿ. 'ಕರ್ನಾಟಕ'ದಲ್ಲಿ ಅರ್ಕಾವತ್ತನ್ನು ಕೈಯಲ್ಲಿ ಬರೆಯುವಾಗ 'ನಾ' ಆದಮೇಲೆ ಬರೆಯುತ್ತೇವೆ. ಹಳೆಯ ಫಾಂಟಿನಲ್ಲೂ ಹಾಗೆಯೇ. ಯುನಿಕೋಡಿನಲ್ಲಿ 'ರ' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ತರಬೇಕು. ಪರಿವರ್ತಿಸಿದ ಮೇಲೆ ಕರ್ನಾಟಕ, ಸೂರ್ಯ, ರಾಷ್ಟ್ರ, ಜ್ಞಾನ, ಕೃಷ್ಣ, ಸ್ವಾತಂತ್ರ್ಯ ಇಂಥ ಪದಗಳನ್ನು ಹುಡುಕಿ ನೋಡಿ. ಅವು ಸರಿಯಿದ್ದರೆ ಉಳಿದದ್ದರ ಮೇಲೆ ಭರವಸೆ ಇಡಬಹುದು. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಪರಿವರ್ತನೆಯಾಗಿ ಅರ್ಥವಿಲ್ಲದ ಕನ್ನಡವಾಗುತ್ತವೆ, ಅವನ್ನು ಮೊದಲೇ ಗುರುತು ಮಾಡಿಕೊಳ್ಳಿ.

ನುಡಿ ಮತ್ತು ಬರಹದ ಕೋಷ್ಟಕ ಬಹುಮಟ್ಟಿಗೆ ಒಂದೇ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ತಂತ್ರಾಂಶಗಳದ್ದು ಬೇರೆ ಬೇರೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಪಠ್ಯ ಹಾಕಿ ಬೈದುಕೊಂಡವರನ್ನು ನಾನು ಕಂಡಿದ್ದೇನೆ, ಒಮ್ಮೆ ಆ ಪೈಕಿ ನಾನೂ ಇದ್ದೆ. ಮತ್ತೊಂದು ಎಚ್ಚರಿಕೆ: ಆಧಾರ್ ಸಂಖ್ಯೆ, ಫೋನ್ ನಂಬರ್, ರೋಗಿಗಳ ಅಥವಾ ವಿದ್ಯಾರ್ಥಿಗಳ ವಿವರ ಇರುವ ಪಠ್ಯವನ್ನು ಗುರುತಿಲ್ಲದ ಆನ್‌ಲೈನ್ ಪರಿವರ್ತಕಕ್ಕೆ ಅಂಟಿಸಬೇಡಿ. ನಿಮ್ಮ ಯಂತ್ರದಲ್ಲೇ ಓಡುವ ಪರಿವರ್ತಕ ಬಳಸಿ.

ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಇದೇ ಕಸ ಬಂದರೆ ಕಾರಣವೂ ಇದೇ. ಯುನಿಕೋಡ್ ಫಾಂಟಿನ ಪಿಡಿಎಫ್‌ನಿಂದಲೂ ಕೆಲವು ಸಲ ಒತ್ತುಗಳು ಉದುರಿ, ಗುಣಿತ ಹಿಂದುಮುಂದಾಗಿ ಬರುತ್ತವೆ. ಚಿತ್ರದಿಂದ ಸಂಕೇತಕ್ಕೆ ಮರಳುವ ಕೋಷ್ಟಕ ಆ ಪಿಡಿಎಫ್‌ನಲ್ಲಿ ಇಲ್ಲ ಅಥವಾ ಅರೆಬರೆ ಇದೆ ಎಂದರ್ಥ. ಅಂಥದ್ದರ ಜೊತೆ ಗುದ್ದಾಡುವುದಕ್ಕಿಂತ ಪುಟವನ್ನು ಚಿತ್ರವಾಗಿಸಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವುದು ವಾಸಿ. ಟೆಸರಾಕ್ಟ್‌ಗೆ ಕನ್ನಡ ಬರುತ್ತದೆ.

ಗೀಟು ಹೊತ್ತ ಚಿಕ್ಕ 'ಎ', ಪಕ್ಕದಲ್ಲಿ ಮೇಲಕ್ಕೇರಿದ 2 ಅಥವಾ 3

ಮೇಲಿನದರ ಹಾಗೆಯೇ ಕಂಡರೂ ಇದು ಬೇರೆ ರೋಗ. ಇಲ್ಲಿ ಎ ಚಿಕ್ಕದು. ಅದರ ಬೆನ್ನಿಗೇ ವರ್ಗಸಂಖ್ಯೆಯ ಹಾಗೆ ಮೇಲೆ ಕೂತ ಪುಟ್ಟ ² ಅಥವಾ ³. ಸಾದಾ ಪಿ, ಕ್ಯೂ, ಜಿ ನಡುವೆ ಒಂದೂ ಇರುವುದಿಲ್ಲ, ಮತ್ತು ಇದೇ ಎರಡನ್ನೂ ಬೇರ್ಪಡಿಸುವ ಗಟ್ಟಿ ಗುರುತು. ಇದು ಅಪ್ಪಟ ಯುನಿಕೋಡ್ ಕನ್ನಡ. ಯುಟಿಎಫ್-8ರಲ್ಲಿ ಬರೆದದ್ದನ್ನು ತಂತ್ರಾಂಶ ಪಶ್ಚಿಮ ಯುರೋಪಿನ ವಿಂಡೋಸ್-1252 ಅಂದುಕೊಂಡು ಓದಿದೆ. ಕನ್ನಡದ ಪ್ರತಿ ಸಂಕೇತದ 3 ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಅದು ಚಿಕ್ಕ ಎ ಆಗಿ ಕಾಣುತ್ತದೆ. ಎರಡನೆಯದು ಎರಡರಲ್ಲೊಂದು: ಪಟ್ಟಿಯ ಮೊದಲರ್ಧದ್ದಾದರೆ ², ಎರಡನೆಯ ಅರ್ಧದ್ದಾದರೆ ³. ಮೂರನೆಯದು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ.

ಸುಲಭದ್ದರಿಂದ ಶುರು ಮಾಡಿ. ಫೈರ್‌ಫಾಕ್ಸ್‌ನ ವ್ಯೂ ಮೆನುವಿನಲ್ಲಿ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಇದೆ, ಒತ್ತಿ ನೋಡಿ. ಕ್ರೋಮ್‌ನಲ್ಲಿ ಅಂಥ ಮೆನು ಈಗಿಲ್ಲ. ಒತ್ತಿದ ಕೂಡಲೇ ಕನ್ನಡ ಬಂದರೆ ದತ್ತಾಂಶ ಸುರಕ್ಷಿತ, ಪುಟ ತನ್ನ ಪದ್ಧತಿಯನ್ನು ಸರಿಯಾಗಿ ಹೇಳಿಕೊಂಡಿಲ್ಲ ಅಷ್ಟೇ.

ಪುಟ ನಿಮ್ಮದಾದರೆ ಮೂರು ಕಡೆ ನೋಡಬೇಕು. ಎಚ್‌ಟಿಎಂಎಲ್‌ನ ತಲೆಭಾಗದಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಎಂದು ಹೇಳುವ ಮೆಟಾ ಸಾಲು ಇರಬೇಕು, ಅದೂ ಮೊದಲ 1024 ಬೈಟುಗಳ ಒಳಗೆ. ಅದರ ಮುಂಚೆ ಉದ್ದುದ್ದ ಟಿಪ್ಪಣಿ, ಸ್ಕ್ರಿಪ್ಟು ತುರುಕಿದ್ದರೆ ಬ್ರೌಸರ್ ಅಲ್ಲಿಯವರೆಗೆ ನೋಡದೇ ಇರಬಹುದು. ಮೆಟಾ ಸಾಲು ಸರಿಯಿದ್ದೂ ಕಸ ಬಂದರೆ ಸರ್ವರ್ ಅಡ್ಡಬಂದಿದೆ: ಪುಟ ಕಳಿಸುವಾಗ ಸರ್ವರ್ ಹೇಳುವ ಹೆಡರ್ ಮಾತು ಮೆಟಾ ಸಾಲಿಗಿಂತ ಮೇಲು. ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ಪುಟದ ಸಾಲನ್ನು ಆರಿಸಿ, ಕಂಟೆಂಟ್-ಟೈಪ್ ಎದುರು ಏನಿದೆ ಓದಿ. ಅಪಾಚೆ ಸರ್ವರಾದರೆ ಆ್ಯಡ್‌ಡೀಫಾಲ್ಟ್‌ಚಾರ್‌ಸೆಟ್ ಎಂಬ ಸಾಲು ಸೆಟ್ಟಿಂಗ್ಸ್‌ನಲ್ಲಿ ಅವಿತಿದೆಯೇ ಹುಡುಕಿ. ಹೆಡರಿಗಿಂತಲೂ ಮೇಲಿನ ಮಾತು ಒಂದಿದೆ, ಫೈಲಿನ ಮೊದಲಿಗೆ ಅಡಗಿ ಕೂರುವ ಬಿಒಎಂ ಗುರುತು. ಅದನ್ನು ಬೇಕೆಂದೇ ಹಾಕುವುದು ನನಗೆ ಇಷ್ಟವಿಲ್ಲ, ಹಳೆಯ ಪಿಎಚ್‌ಪಿ ತಾಣಗಳಲ್ಲಿ ಅದು ಬೇರೆಯೇ ತಲೆನೋವು ತರುತ್ತದೆ.

ಎಕ್ಸೆಲ್‌ನದು ಪ್ರತ್ಯೇಕ ಕಥೆ. ಸಿಎಸ್‌ವಿ (ಪಟ್ಟಿಯನ್ನು ಸಾದಾ ಪಠ್ಯವಾಗಿ ಇಡುವ ಬಗೆ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ, ಬಿಒಎಂ ಗುರುತು ಇಲ್ಲದಿದ್ದರೆ, ಎಕ್ಸೆಲ್ ಅದನ್ನು ಸಾಮಾನ್ಯವಾಗಿ ವಿಂಡೋಸ್-1252 ಎಂದೇ ಎಣಿಸಿಬಿಡುತ್ತದೆ. ಮುಚ್ಚಿ, ಉಳಿಸಬೇಡಿ. ಖಾಲಿ ಹಾಳೆ ತೆರೆದು ಡೇಟಾ ಮೆನುವಿನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಮೂಲಕ ಅದೇ ಫೈಲನ್ನು ಕರೆಯಿರಿ, ಫೈಲ್ ಒರಿಜಿನ್ ಜಾಗದಲ್ಲಿ 65001 (ಯುಟಿಎಫ್-8) ಆರಿಸಿ. ಸೇವ್ ಮಾಡುವಾಗ ಬರೀ 'ಸಿಎಸ್‌ವಿ' ಅಲ್ಲ, 'ಸಿಎಸ್‌ವಿ ಯುಟಿಎಫ್-8' ಎಂದಿರುವುದೇ ಆಗಬೇಕು. ನಮ್ಮ ಕಡೆಯ ಒಂದು ಸಂಘದ ಸದಸ್ಯರ ವಿಳಾಸ ಪಟ್ಟಿ ಹೀಗೇ ಹಾಳಾಯಿತು. ಎಕ್ಸೆಲ್ ಹಾಳೆಯಲ್ಲಿ ಚೆನ್ನಾಗಿಯೇ ಇದ್ದ ಕನ್ನಡವನ್ನು ಯಾರೋ ಬರೀ ಸಿಎಸ್‌ವಿ ಆಗಿ ಉಳಿಸಿ, ಮೂಲ ಹಾಳೆಯನ್ನು ಅಳಿಸಿಬಿಟ್ಟರು. ಉಳಿದದ್ದು ಪಿನ್‌ಕೋಡ್‌ಗಳು ಮತ್ತು ಪ್ರಶ್ನಾರ್ಥಕಗಳು.

ಕಸವನ್ನು ತಿರುಗಿಸಿದೆ, ಕನ್ನಡ ಬಂತು, ಆದರೆ ಒತ್ತುಗಳೂ ಕೊಂಬುಗಳೂ ಮಾಯ

ಚಿಕ್ಕ ಎ ಕಸವನ್ನು ಪರದೆಯಿಂದ ಕಾಪಿ ಮಾಡಿ ಯಾವುದೋ ರಿಪೇರಿ ಉಪಕರಣಕ್ಕೆ ಹಾಕಿದವರಿಗೆ ಆಗುವ ಅನುಭವ ಇದು. 'ಕನ್ನಡ' ಹೋಗಿ 'ಕನನಡ', 'ಊರು' ಹೋಗಿ 'ಊರ', ಜೊತೆಗೆ ಅಲ್ಲಲ್ಲಿ ಕಪ್ಪು ವಜ್ರಗಳು. ಉಪಕರಣದ ತಪ್ಪಲ್ಲ. ವಿಂಡೋಸ್-1252ರ ಕೋಷ್ಟಕದಲ್ಲಿ 5 ಮನೆಗಳು ಖಾಲಿ. ಕನ್ನಡದ ಏ, ಐ, ಝ, ಉಕಾರದ ಕೊಂಬು ಮತ್ತು ವಿರಾಮ ಚಿಹ್ನೆ, ಇವುಗಳ ಮೂರನೆಯ ಬೈಟು ಹೋಗಿ ಬೀಳುವುದು ಆ ಖಾಲಿ ಮನೆಗಳಲ್ಲೇ. ವಿರಾಮವಿಲ್ಲದೆ ಒತ್ತಕ್ಷರವಿಲ್ಲ, ಕೊಂಬಿಲ್ಲದೆ ಕನ್ನಡದ ಯಾವ ವಾಕ್ಯವೂ ಸುಲಭಕ್ಕೆ ಮುಗಿಯುವುದಿಲ್ಲ. ಕಾಲಿಟ್ಟಲ್ಲೆಲ್ಲ ಮುಳ್ಳು. ಇನ್ನೂ ಎರಡಿವೆ: 'ಠ'ದ ಕೊನೆಯ ಬೈಟು ಅಂಟುಜಾಗವಾಗಿ (ಸಾಲು ಮುರಿಯಲು ಬಿಡದ ಖಾಲಿ ಜಾಗ), 'ಭ'ದ್ದು ಕಣ್ಣಿಗೆ ಕಾಣದ ಮೃದು ಅಡ್ಡಗೆರೆಯಾಗಿ ಓದಲ್ಪಡುತ್ತದೆ. ಕಾಪಿ-ಪೇಸ್ಟ್ ದಾರಿಯಲ್ಲಿ ಮೊದಲನೆಯದು ಸಾದಾ ಖಾಲಿ ಜಾಗವಾಗಬಹುದು, ಎರಡನೆಯದು ಉದುರಿಹೋಗಬಹುದು.

ಇದರಿಂದ ತಿಳಿಯಬೇಕಾದ್ದು ಇಷ್ಟು: ಪರದೆಯ ಮೇಲಿನ ಕಸವನ್ನು ರಿಪೇರಿ ಮಾಡಬೇಡಿ, ಕಸದ ಮೂಲ ಫೈಲನ್ನೇ ಹಿಡಿಯಿರಿ. ಅಲ್ಲಿ ಆ ಬೈಟುಗಳು ಇನ್ನೂ ಇರುವ ಸಾಧ್ಯತೆ ಹೆಚ್ಚು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ವಿಂಡೋಸ್-1252ಕ್ಕೆ 'ಲ್ಯಾಟಿನ್1' ಎಂದು ಹೆಸರು. ಅದರ ಕೋಷ್ಟಕ ಆ 5 ಖಾಲಿ ಮನೆಗಳನ್ನೂ ಕಾಪಾಡಿಕೊಳ್ಳುತ್ತದೆ, ಹಾಗಾಗಿ ಡೇಟಾಬೇಸಿನೊಳಗೆ ಕಸವಾಗಿ ಕೂತ ಕನ್ನಡ ಪೂರ್ತಿಯಾಗಿ ಹಿಂದಿರುಗುತ್ತದೆ, ಯಾರೂ ಅದನ್ನು ಪರದೆಗೆ ತಂದು ಮತ್ತೆ ಅಂಟಿಸಿರದಿದ್ದರೆ.

ಅಲೆಗೀಟಿನ ದೊಡ್ಡ ಎ, ಟೊಪ್ಪಿಗೆಯ ದೊಡ್ಡ ಎ, ಕಸ ಮೊದಲಿಗಿಂತ ಉದ್ದ

ತಪ್ಪಾಗಿ ಓದಿದ್ದನ್ನು ಮತ್ತೆ ಯುಟಿಎಫ್-8 ಆಗಿ ಉಳಿಸಿದ್ದಾರೆ. ಕಸದ ಮೇಲೆ ಕಸ. ಅಲೆಯಂಥ ಗೀಟು ನುಡಿ ಕಸದಲ್ಲೂ ಬರುತ್ತದೆ, ಅಲ್ಲಿ ಅದು ದೀರ್ಘದ ಗುರುತು. ಆದರೆ ಮೊದಲೇ ಹೇಳಿದ ಪರೀಕ್ಷೆ ಇಲ್ಲೂ ನಡೆಯುತ್ತದೆ: ನಡುವೆ ಸಾದಾ ಇಂಗ್ಲಿಷ್ ಅಕ್ಷರಗಳಿದ್ದರೆ ನುಡಿ, ಇಲ್ಲದಿದ್ದರೆ ದುಪ್ಪಟ್ಟು ಕಸ. ತಾಣವನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಿದ ಮರುದಿನ ಇದು ಶುರುವಾಗುವುದು ವಾಡಿಕೆ. ಪುಟ ಯುಟಿಎಫ್-8, ಕೋಷ್ಟಕವೂ ಯುಟಿಎಫ್-8, ಇವೆರಡರ ನಡುವಿನ ಸಂಪರ್ಕ ಮಾತ್ರ ಲ್ಯಾಟಿನ್1.

ಕೈಯಾರೆ ಮಾಡುವುದನ್ನು ಇಲ್ಲಿಗೆ ನಿಲ್ಲಿಸಿ. ಎಷ್ಟು ಸಲ ಸುತ್ತಿದೆಯೋ ಅಷ್ಟೇ ಸಲ ಬಿಚ್ಚಬೇಕು. ಹಳೆಯ ಬರಹ ಸರಿಯಿದ್ದು ಹೊಸದು ಮಾತ್ರ ಕೆಟ್ಟಿದ್ದರೆ ಕೋಷ್ಟಕದಲ್ಲಿ ಎರಡು ಬಗೆಯ ಸಾಲುಗಳು ಬೆರೆತಿವೆ, ರಿಪೇರಿ ಆದೇಶವನ್ನು ಇಡೀ ಕೋಷ್ಟಕಕ್ಕೆ ಕೊಟ್ಟರೆ ಸರಿಯಿದ್ದದ್ದೂ ಹೋಗುತ್ತದೆ. ಕಾಲಮ್ಮನ್ನು ಮೊದಲು ಬೈನರಿಗೆ ತಿರುಗಿಸಿ ಆಮೇಲೆ ಸರಿಯಾದ ಹೆಸರು ಕೊಡುವುದು ಬಲ್ಲವರ ದಾರಿ. ಡೇಟಾಬೇಸ್ ಕೆಲಸ ಗೊತ್ತಿರುವವರನ್ನು ಕರೆಯಿರಿ, ಅವರು ಬರುವವರೆಗೆ ತಾಣದಲ್ಲಿ ಹೊಸ ಬರಹ ಹಾಕಬೇಡಿ.

ಕಪ್ಪು ವಜ್ರದೊಳಗೆ ಬಿಳಿ ಪ್ರಶ್ನಾರ್ಥಕ

"ಇಲ್ಲೊಂದು ಬೈಟು ಇದೆ, ಯುಟಿಎಫ್-8 ನಿಯಮಕ್ಕೆ ಕೂರುವುದಿಲ್ಲ" ಎಂದು ಬ್ರೌಸರ್ ಹೇಳುವ ರೀತಿ ಇದು. ವಜ್ರ ಎಲ್ಲಿದೆ ಎಂಬುದೇ ಇಲ್ಲಿ ಸುಳಿವು. ಪ್ರತಿ ಲೇಖನದ ಸಾರಾಂಶದ ಕೊನೆಗೆ ಮಾತ್ರ ಇದ್ದರೆ, ಯಾರೋ 100 ಅಕ್ಷರಕ್ಕೆ ಕತ್ತರಿಸಲು ಹೇಳಿ 100 ಬೈಟಿಗೆ ಕತ್ತರಿಸಿದ್ದಾರೆ. 3 ಬೈಟಿನ ಸಂಕೇತ ನಡುವೆ ತುಂಡಾಗಿದೆ. ಪಿಎಚ್‌ಪಿಯಲ್ಲಾದರೆ ಬೈಟು ಎಣಿಸುವ ಫಂಕ್ಷನ್ ಬಿಟ್ಟು 'ಎಂಬಿ' ಎಂದು ಶುರುವಾಗುವ ಜೋಡಿಯನ್ನು ಬಳಸಬೇಕು. ಹಾಗೆ ಮಾಡಿದರೂ 'ಕನ್ನಡ' ಮೂರನೆಯ ಸಂಕೇತಕ್ಕೆ ತುಂಡಾಗಿ 'ಕನ್' ಎಂದು ನಿಲ್ಲಬಹುದು. ಪದದ ಗಡಿಯಲ್ಲಿ ಕತ್ತರಿಸುವುದೇ ಒಳ್ಳೆಯದು.

ಪುಟದ ತುಂಬ ವಜ್ರಗಳಿದ್ದು ನಡುನಡುವೆ ಪಿ, ಕ್ಯೂ, ಜಿ ಕಂಡರೆ, ಹಳೆಯ ನುಡಿ ಪುಟವನ್ನು ಸರ್ವರ್ ಯುಟಿಎಫ್-8 ಎಂದು ಸುಳ್ಳು ಹೇಳಿ ಕಳಿಸುತ್ತಿದೆ. ಫೈಲ್ ಚೆನ್ನಾಗಿದೆ. ವಜ್ರ ಕಂಡ ಪುಟವನ್ನು ಕಾಪಿ ಮಾಡಿ ಉಳಿಸಿದರೆ ಮಾತ್ರ ವಜ್ರವೇ ಉಳಿಯುತ್ತದೆ, ಕೆಳಗಿದ್ದ ಬೈಟು ಹೋಯಿತು. ತಲೆಕೆಳಗಾದ ಪ್ರಶ್ನಾರ್ಥಕ, ಅದರ ಪಕ್ಕ ಅರ್ಧದ ಭಿನ್ನರಾಶಿ, ಇದೇ ಜೋಡಿ ಮತ್ತೆ ಮತ್ತೆ ಕಂಡರೆ ಹಾಗೆ ಉಳಿದ ವಜ್ರವನ್ನು ಇನ್ನೊಮ್ಮೆ ತಪ್ಪಾಗಿ ಓದಲಾಗಿದೆ. ಅದನ್ನು ಬಿಚ್ಚಿದರೂ ಒಳಗೆ ಸಿಗುವುದು ಬರೀ ವಜ್ರ.

ಬರೀ ????? ಕಾಣುತ್ತಿದೆ

ಕನ್ನಡಕ್ಕೆ ಜಾಗವೇ ಇಲ್ಲದ ಪದ್ಧತಿಗೆ ಕನ್ನಡವನ್ನು ಇಳಿಸಿದಾಗ ತಂತ್ರಾಂಶ ಪ್ರತಿ ಸಂಕೇತದ ಬದಲು ಒಂದು ಪ್ರಶ್ನಾರ್ಥಕ ಇಟ್ಟು ಕೈತೊಳೆದುಕೊಳ್ಳುತ್ತದೆ. 'ಕನ್ನಡ' ಇದ್ದಲ್ಲಿ ಸರಿಯಾಗಿ 5 ಚಿಹ್ನೆ. ಪುಟದ ಮೂಲ ತೆರೆದು ನೋಡಿ, ಡೇಟಾಬೇಸಿನಲ್ಲಿ ನೋಡಿ. ಅಲ್ಲೂ ಪ್ರಶ್ನಾರ್ಥಕವೇ ಇದ್ದರೆ ಯಾವ ಪರಿವರ್ತಕವೂ ಅದನ್ನು ವಾಪಸ್ ತರಲಾರದು. ತರುತ್ತೇನೆಂದು ದುಡ್ಡು ಕೇಳುವವರಿಗೆ ಕೊಡಬೇಡಿ. ಹಳೆಯ ಬ್ಯಾಕಪ್, ಕಳಿಸಿದ ಇಮೇಲ್, ಗೂಗಲ್ ಡ್ರೈವಿನ ಹಳೆಯ ಆವೃತ್ತಿ, ಹಳೆಯ ವೆಬ್ ಪುಟಗಳನ್ನು ಕಾದಿಡುವ ವೇಬ್ಯಾಕ್ ಮಷೀನ್ ತಾಣ ಉಳಿಸಿಕೊಂಡ ಪ್ರತಿ, ಇವುಗಳಲ್ಲಿ ಹುಡುಕಿ.

ಸೋರುವ ಜಾಗ ಮುಚ್ಚದಿದ್ದರೆ ನಾಳೆಯೂ ಇದೇ ಆಗುತ್ತದೆ. ಹಳೆಯ ನೋಟ್‌ಪ್ಯಾಡ್ 'ಆನ್ಸಿ' ಎಂದು, ಅಂದರೆ ಕನ್ನಡಕ್ಕೆ ಜಾಗವಿಲ್ಲದ ಹಳೆಯ ಪದ್ಧತಿಯಲ್ಲಿ, ಉಳಿಸುತ್ತಿತ್ತು, ಎಚ್ಚರಿಕೆಯನ್ನೂ ತೋರಿಸುತ್ತಿತ್ತು, ನಾವು ಓದದೆ ಓಕೆ ಒತ್ತುತ್ತಿದ್ದೆವು. 2019ರ ವಿಂಡೋಸ್ 10 ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆ. ಡೇಟಾಬೇಸಾದರೆ ಕಾಲಮ್ ಲ್ಯಾಟಿನ್1 ಇದೆಯೇ ನೋಡಿ. ಮೈಎಸ್‌ಕ್ಯೂಎಲ್ 8.0ಕ್ಕಿಂತ ಹಿಂದಿನ ಆವೃತ್ತಿಗಳು ಕೇಳದಿದ್ದರೆ ಅದನ್ನೇ ಕೊಡುತ್ತಿದ್ದವು.

ಕನ್ನಡ ಸರಿ, ಇಮೋಜಿ ಬಂದಲ್ಲಿಗೆ ಬರಹ ತುಂಡು

ಮೈಎಸ್‌ಕ್ಯೂಎಲ್‌ನಲ್ಲಿ 'ಯುಟಿಎಫ್8' ಎಂಬ ಹೆಸರಿನದು 3 ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡ ಅಷ್ಟರಲ್ಲಿ ಹಿಡಿಸುತ್ತದೆ, ಇಮೋಜಿಗೆ 4 ಬೇಕು. 'ಯುಟಿಎಫ್8ಎಂಬಿ4' ಎಂದು ಬದಲಿಸಿ, ಸಂಪರ್ಕವನ್ನೂ.

ಕನ್ನಡ ಅಥವಾ ಶೇಕಡಾ ಚಿಹ್ನೆಗಳ ಮೆರವಣಿಗೆ

ಮೊದಲನೆಯದು 'ಕನ್ನಡ'ವೇ, ಎಚ್‌ಟಿಎಂಎಲ್ ತನ್ನ ಸಂಖ್ಯೆಗಳಲ್ಲಿ ಬರೆದದ್ದು. ಅದು ಹಾಗೇ ಪರದೆಗೆ ಬಂದಿದ್ದರೆ 'ಆ್ಯಂಡ್' ಚಿಹ್ನೆ ಎರಡು ಸಲ ರಕ್ಷಣೆಗೆ ಒಳಗಾಗಿದೆ, ಒಂದನ್ನು ತೆಗೆಯಿರಿ. ಏನೂ ಕಳೆದಿಲ್ಲ. ಕನ್ನಡ ವಿಕಿಪೀಡಿಯದ ಕೊಂಡಿ ಕಾಪಿ ಮಾಡಿದಾಗ ಬರುವ ಶೇಕಡಾ ಚಿಹ್ನೆಗಳಂತೂ ದೋಷವೇ ಅಲ್ಲ. ಪ್ರತಿ ಬೈಟಿಗೆ 3 ಚಿಹ್ನೆಯಂತೆ 'ಕನ್ನಡ'ಕ್ಕೆ 45 ಚಿಹ್ನೆ, ಅದಕ್ಕೇ ಅಷ್ಟುದ್ದ.

ಎಲ್ಲ ಸರಿಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ

ಕಣ್ಣಿಗೆ ಕಾಣದ ರೋಗ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. 'ಬೆಂಗಳೂರು' ಮತ್ತು 'ಬೆ೦ಗಳೂರು', ಎರಡನ್ನೂ ನೋಡಿ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ. ಹಳೆಯ ಪರಿವರ್ತಕಗಳೂ ಅವಸರದ ಬೆರಳುಗಳೂ ಸೇರಿ ಅಂತರಜಾಲದ ಹಳೆಯ ಕನ್ನಡದಲ್ಲಿ ಇದನ್ನು ಧಾರಾಳವಾಗಿ ಬಿತ್ತಿವೆ. ವರ್ಡ್‌ನಲ್ಲಿ ಆ ಚಿಹ್ನೆಯ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಹಿಡಿದು ಎಕ್ಸ್ ಒತ್ತಿ: 0ಸಿ82 ಬಂದರೆ ಅನುಸ್ವಾರ, 0ಸಿಇ6 ಬಂದರೆ ಸೊನ್ನೆ. ಸೊನ್ನೆಯನ್ನೆಲ್ಲ ಕಣ್ಣುಮುಚ್ಚಿ ಬದಲಿಸಬೇಡಿ, ನಿಜವಾದ ೧೦, ೨೦೦ ಹಾಳಾಗುತ್ತವೆ. ಹಿಂದೆ ಅಕ್ಷರ ಇರುವ ಕಡೆ ಮಾತ್ರ ಬದಲಿಸಿ.

ಎರಡನೆಯದು ಅದೃಶ್ಯ ಜೋಡಕಗಳು, 8204 ಮತ್ತು 8205. 'ಫೇಸ್‌ಬುಕ್' ಎಂದು ಬಿಡಿಸಿ ಬರೆಯಲು ಮೊದಲನೆಯದು ಬೇಕು. ಅದನ್ನು ಯಾವುದೋ 'ಪಠ್ಯ ಶುದ್ಧಿ' ಉಪಕರಣ ಅಳಿಸಿದರೆ 'ಫೇಸ್ಬುಕ್' ಆಗಿ ಬಕಾರ ಒತ್ತಾಗುತ್ತದೆ. 'ರ‍್ಯಾಂಕ್' ಇದ್ದದ್ದು 'ರ್ಯಾಂಕ್' ಆಗಿ ಅರ್ಕಾವತ್ತು ಹೊತ್ತು ಬಂದರೆ ಕಳೆದುಹೋದದ್ದು ಎರಡನೆಯದು. ಓದಲು ಅಡ್ಡಿಯಿಲ್ಲ, ಆದರೆ ಡೇಟಾಬೇಸಿಗೆ ಇವು ಬೇರೆ ಬೇರೆ ಪದಗಳು. ಬರಹದಲ್ಲಿ ಜೋಡಕ ಉಳಿಸಿ, ಹುಡುಕುವ ಸೂಚಿಯಲ್ಲಿ ತೆಗೆದು ಹಾಕಿ. ನನಗೆ ಸರಿಕಂಡ ಹೊಂದಾಣಿಕೆ ಅದು.

ಮೂರನೆಯದು 'ಕೋಟೆ'ಯ ಓತ್ವ. ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿಯೂ ಬರೆಯಬಹುದು, ತೋರುವುದು ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಿಂದ ಬಂದ ಫೈಲ್ ಹೆಸರುಗಳಲ್ಲಿ ಮೂರಾಗಿ ಒಡೆದದ್ದು ಸಿಗುತ್ತದೆ, ಚಿತ್ರಕ್ಕೆ ಕೊಟ್ಟ ಕೊಂಡಿ ಸರಿಯಿದ್ದೂ ಚಿತ್ರ ತೆರೆಯುವುದಿಲ್ಲ. ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ) ರೂಪಕ್ಕೆ ತಂದರೆ ಎಲ್ಲ ಒಂದಾಗುತ್ತವೆ.

ಬೇರೆಯವರ ಕೈಗೆ ಕೊಡುವಾಗ

ಕಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ "ಇದನ್ನು ಸರಿ ಮಾಡಿಕೊಡಿ ಸಾರ್" ಎಂದು ಕಳಿಸಬೇಡಿ, ದಾರಿಯಲ್ಲೇ ಬೈಟುಗಳು ಉದುರುತ್ತವೆ. ಮುಟ್ಟದ ಮೂಲ ಫೈಲನ್ನು ಜಿಪ್ ಮಾಡಿ ಕೊಡಿ. ಜೊತೆಗೆ ಪರದೆಯ ಚಿತ್ರ, ಗೊತ್ತಿದ್ದರೆ ಫಾಂಟಿನ ಹೆಸರು, ಈಗಾಗಲೇ ಏನೇನು ಪ್ರಯತ್ನಿಸಿದಿರಿ ಎಂಬ ಪಟ್ಟಿ ಇರಲಿ. ಆ ಕಸದ ಒಂದೆರಡು ಸಾಲು ನಿಜಕ್ಕೂ ಏನಿತ್ತು ಎಂಬುದನ್ನು ಕಾಗದದಲ್ಲಾದರೂ ಬರೆದು ಕೊಡಿ. ರಿಪೇರಿ ಆಯಿತು ಎಂದವರಿಗೆ ದುಡ್ಡು ಕೊಡುವ ಮುಂಚೆ ವಿಂಡೋಸ್-1252ರ ಓದಿನಲ್ಲಿ ಉದುರುವ ಆ ಏಳು ಸಂಕೇತಗಳೂ (ಏ, ಐ, ಝ, ಠ, ಭ, ಕೊಂಬು, ವಿರಾಮ) ಬರುವ ಒಂದು ಸಾಲನ್ನು ಅದೇ ದಾರಿಯಲ್ಲಿ ಹಾಯಿಸಿ ನೋಡಿ. ನಾನು ಬಳಸುವ ಸಾಲು ಇದು: ಏತ, ಐರಾವತ, ಝರಿ, ಕಂಠ, ಭತ್ತ, ಕುದುರೆ, ಅಕ್ಕ.